ಜೂನ್ ಒಂದನ್ನು ಅಳಿಸಿದ ಟೀಚರ್

ಇದು ಎಂದೂ ಆಗುವುದಿಲ್ಲ ಎಂದು ಮೊದಲು ಹೇಳಿದವರು ನಮ್ಮ ದೊಡ್ಡಪ್ಪ. ಹೇಳಿದ್ದು ನಮ್ಮ ಪಿ.ಟಿ. ಟೀಚರ ಬಲಗಾಲಿನ ಹೆಬ್ಬೆರಳಿಗೆ. ಆ ಬೆರಳಿನ ಉಗುರು ಕಪ್ಪಗಾಗಿ ಅರ್ಧ ಮೇಲೆದ್ದಿತ್ತು. ದಂಡೋತಿಯ ನಮ್ಮ ಮನೆಯ ಕಟ್ಟೆಯ ಮೇಲೆ ಟೀಚರ್ ಚಪ್ಪಲಿ ಬಿಟ್ಟು ಕುಳಿತಿದ್ದರು. ಅವರ ಮುಖ ನೋಡಿ ಮಾತಾಡಲು ಸಂಕೋಚವಾಗಿ ದೊಡ್ಡಪ್ಪ ಆ ಉಗುರನ್ನೇ ನೋಡುತ್ತ ಅಂದರು: "ನಮ್ಮ ಹುಡುಗಿ ಪರದೇಶದವ್ರ ಮುಂದ ಚೆಂಡ್ ಆಡ್ತಾಳಂದ್ರ, ಅದು ಆಗೂ ಮಾತಲ್ರೀ ಟೀಚರ್."

"ಆಗೂದಿಲ್ಲಂತ ಒಂದು ಚೀಟಿ ಬರ್ದು ಕೊಡ್ರಿ. ಆದ ಮ್ಯಾಲ ವಾಪಸ್ ಕೊಡ್ತೀನಿ," ಅಂದರು ಟೀಚರ್.

ದೊಡ್ಡಪ್ಪನಿಗೆ ಓದು ಬರಹ ಇರಲಿಲ್ಲ. ಅದು ಟೀಚರಿಗೆ ಗೊತ್ತಾದದ್ದು ಮರುದಿನ. ಆ ಒಂದು ಮಾತಿಗಾಗಿ ಇನ್ನೊಮ್ಮೆ ಊರಿಗೆ ಬಂದು ತಪ್ಪಾಯಿತೆಂದು ಕೈಮುಗಿದು ಹೋದರು.

ಅವರದು ವಾಡಿಯಲ್ಲಿ ಪೂಜೆ ಪುನಸ್ಕಾರದ ಮನೆತನ. ಬೆಳಗಿನ ಪ್ಯಾಸೆಂಜರ್ ಗಾಡಿಗೆ ಚಿತ್ತಾಪುರದ ನಮ್ಮ ಶಾಲೆಗೆ ಬರುವಾಗ ಕೈಯಲ್ಲಿ ಊಟದ ಡಬ್ಬಿ, ಕಾಲ ಬಳಿ ಒಂದು ಸಿಮೆಂಟ್ ಚೀಲ. ಚೀಲದಲ್ಲಿ ಇರುತ್ತಿದ್ದದ್ದು ಶಹಾಬಾದಿನಲ್ಲಿ ನೆಲಕ್ಕೆ ಹಾಸುವ ಫರಸಿ ಕಲ್ಲು ಕೊಯ್ಯುವಾಗ ಬೀಳುವ ಪುಡಿ. ಅದರಿಂದಲೇ ಮೈದಾನದ ಗೆರೆ ಎಳೆಯುತ್ತಿದ್ದರು. ಸೀರೆಯ ನೆರಿಗೆ ಸೊಂಟಕ್ಕೆ ಸಿಕ್ಕಿಸಿ, ಹಗ್ಗ ಹಿಡಿದು, ಬಗ್ಗಿ. ಗೆರೆ ಡೊಂಕಾದರೆ ಅಳಿಸಿ ಮತ್ತೆ. "ಆಟ ಹೆಂಗರ ಆಗ್ಲಿ, ಗೆರಿ ಸೀದಾ ಇರ್ಬೇಕು," ಅನ್ನುತ್ತಿದ್ದರು. ನಮಗೆ ಯಾರಿಗೂ ಬೂಟು ಇರಲಿಲ್ಲ. ಅದಕ್ಕೆ ತಾವೂ ಬರಿಗಾಲಲ್ಲೇ ಒದ್ದು ತೋರಿಸುತ್ತಿದ್ದರು. ಉಗುರು ಕಪ್ಪಾದದ್ದು ಹಾಗೆ.

ಹದಿನೇಳು ವರ್ಷದೊಳಗಿನ ಹುಡುಗಿಯರ ಅಂತರರಾಷ್ಟ್ರೀಯ ಫುಟ್‌ಬಾಲ್ ಟೂರ್ನಿ ನಮ್ಮ ದೇಶದಲ್ಲೇ ನಡೆಯುವುದಿತ್ತು. ರಾಜ್ಯದ ಆಯ್ಕೆಯಲ್ಲಿ ನನ್ನ ಹೆಸರು ಬಂತು. ಶಿಬಿರಕ್ಕೆ ಹೋಗುವ ಮೊದಲು ಜನನ ಪ್ರಮಾಣಪತ್ರ ಬೇಕು ಎಂದರು. ಸಿಕ್ಕಿಬಿದ್ದದ್ದು ಅಲ್ಲಿ.

ನಾನು ಹುಟ್ಟಿದ್ದು ಮನೆಯಲ್ಲಿ. ಯಾವಾಗ ಎಂದರೆ ಅವ್ವ ಹೇಳುವುದು ಒಂದೇ: "ಸೀತನಿ ಸುಡಾಕತ್ತಿದ್ರು, ಆಗ." ಹಾಲುಗಾಳಿನ ಜೋಳದ ತೆನೆ ಸುಡುವ ಚಳಿಗಾಲ, ಅಷ್ಟೇ, ತಾರೀಖು ಇಲ್ಲ. ಶಾಲೆಯ ಪುಸ್ತಕದಲ್ಲಿ ಇದ್ದದ್ದು ಜೂನ್ ಒಂದು. ನಮ್ಮ ಕಡೆ ತಾರೀಖು ಗೊತ್ತಿಲ್ಲದ ಮಕ್ಕಳೆಲ್ಲ ಹುಟ್ಟುವುದು ಜೂನ್ ಒಂದಕ್ಕೇ. ಅದು ಹೋಗಲಿ, ವರ್ಷವೂ ತಪ್ಪು. ಅಕ್ಕ ಒಬ್ಬಳೇ ಶಾಲೆಯಲ್ಲಿ ಕೂರಲು ಒಲ್ಲೆ ಎಂದು ಅತ್ತದ್ದಕ್ಕೆ ದೊಡ್ಡಪ್ಪ ನನ್ನನ್ನೂ ಎತ್ತಿಕೊಂಡು ಹೋಗಿ, "ಇಬ್ರಿಗೂ ಆರು ತುಂಬ್ಯಾವ, ಬರ್ಕೋರಿ" ಅಂದಿದ್ದರು. ಹೀಗೆ ನಾನು, ನನಗಿಂತ ಎರಡು ವರ್ಷ ದೊಡ್ಡವಳಾದ ಅಕ್ಕ ಒಂದೇ ದಿನ ಹುಟ್ಟಿದೆವು. ಆ ಲೆಕ್ಕದಲ್ಲಿ ನನಗೆ ಹದಿನೇಳು ದಾಟಿತ್ತು. ಟೂರ್ನಿ ಮುಗಿದಂತೆಯೇ.

ದೊಡ್ಡಪ್ಪ ಆಗುವುದಿಲ್ಲ ಎಂದದ್ದಕ್ಕೆ ಇದೂ ಕಾರಣ. ಕಾಗದ ತಿದ್ದಿಸಬೇಕಾದರೆ ಸುಳ್ಳು ಹೇಳಿದವರೇ ಸೇಡಂನ ಉಪವಿಭಾಗ ಕಚೇರಿಯ ಸಾಹೇಬರ ಮುಂದೆ ನಿಂತು ಒಪ್ಪಬೇಕು. "ನನ್ನ ಜೇಲಿಗೆ ಹಾಕ್ತಾರ," ಎಂದು ಎರಡು ದಿನ ಊಟ ಬಿಟ್ಟರು.

ಟೀಚರ್ ಮೂರು ಭಾನುವಾರ ಊರಿನ ಆರೋಗ್ಯ ಉಪಕೇಂದ್ರದ ಹಳೆಯ ಕಾಗದದ ಗಂಟುಗಳನ್ನು ಬಿಚ್ಚಿದರು. ನಾನು ದೂಳು ಝಾಡಿಸುವುದು, ಅವರು ಸೀನುತ್ತ ಓದುವುದು. ಮೂರನೆಯ ಭಾನುವಾರ ಕೂಸುಗಳಿಗೆ ಸೂಜಿ ಹಾಕಿದ ರಿಜಿಸ್ಟರ್ ಸಿಕ್ಕಿತು. ಅದರಲ್ಲಿ ನನ್ನ ಹೆಸರಿರಲಿಲ್ಲ, ಆಗಿನ್ನೂ ಹೆಸರಿಟ್ಟಿರಲಿಲ್ಲ. ಅಪ್ಪನ ಹೆಸರು ಬರೆದು, ಮುಂದೆ 'ಎರಡನೇ ಹೆಣ್ಣು' ಎಂದು, ಹುಟ್ಟಿದ ತಾರೀಖು. ಟೀಚರ್ ಅದರ ಕೆಳಗೆ ಬೆರಳೆಳೆದು ತೋರಿಸಿದರು. ನಾನು ಅತ್ತೆ. "ಅಳು, ಆದ್ರ ಹಾಳಿ ಮ್ಯಾಲ ಹನಿ ಬೀಳಬಾರ್ದು," ಅಂದರು.

ರಿಜಿಸ್ಟರ್ ಸಿಕ್ಕ ಮೇಲೆ ದೊಡ್ಡಪ್ಪನೂ ನಮ್ಮ ಜೊತೆ ಸೇಡಂಗೆ ಹೊರಟರು. ಕಚೇರಿಯ ಹೊರಗೆ ಒಬ್ಬ ದಲ್ಲಾಳಿ ಬಂದು, "ಇಷ್ಟು ಯಾಕ ತಿರುಗ್ತೀರಿ? ಯಾವ ತಾರೀಖು ಬೇಕು ಹೇಳ್ರಿ, ನಾಳೆ ತಂದು ಕೊಡ್ತೀನಿ," ಅಂದ.

"ಒಂದು ಸುಳ್ಳು ಬರ್ಸಿದ್ದಕ್ಕ ಇಷ್ಟು ತಿರುಗಾಕತ್ತೀವಪ್ಪಾ," ಎಂದರು ಟೀಚರ್. "ಇನ್ನೊಂದು ಬರ್ಸಿದ್ರ ಈಕಿ ಜೀವನಾ ಪೂರ್ತಿ ತಿರುಗ್ಬೇಕು."

ಒಳಗೆ ಸಾಹೇಬರು ಶಾಲೆಯ ದಾಖಲೆ ನೋಡಿ, "ಅಕ್ಕ ತಂಗಿ ಅವಳಿಯೇನು?" ಎಂದು ಕೇಳಿದರು. ದೊಡ್ಡಪ್ಪ ತಲೆಯ ಪಟಗ ತೆಗೆದು ಕೈಯಲ್ಲಿ ಹಿಡಿದುಕೊಂಡರು.

"ಇಲ್ರೀ ಸಾಹೇಬ್ರ," ಎಂದರು ದೊಡ್ಡಪ್ಪ. "ನಾನೇ ಸುಳ್ಳ ಹೇಳಿದ್ದು. ದೊಡ್ಡಾಕಿ ಭಾಳ ಅಳ್ತಿದ್ಳರೀ. ಏನ್ ಶಿಕ್ಷಾ ಅದನೋ ನನಗ ಕೊಡ್ರಿ, ಹುಡುಗೀದು ತಿದ್ದಿ ಕೊಡ್ರಿ."

ಸಾಹೇಬರು ನಕ್ಕು, ಹೇಳಿಕೆ ಬರೆದು, ಅದರ ಕೊನೆಗೆ ಅವರ ಹೆಬ್ಬೆಟ್ಟು ಒತ್ತಿಸಿಕೊಂಡರು. ಶಿಬಿರಕ್ಕೆ ಎರಡು ದಿನ ಇದ್ದಾಗ ಪ್ರಮಾಣಪತ್ರ ಬಂತು. ಟೀಚರ್ ಕಚೇರಿಯ ಕಿಟಕಿಯ ಬಳಿಯೇ ನಿಂತು ಹೆಸರು, ಅಪ್ಪನ ಹೆಸರು, ತಾರೀಖುಗಳ ಕೆಳಗೆ ಬೆರಳೆಳೆದು ಓದಿದರು. ಆಮೇಲೆ ನನಗೆ ಕೊಟ್ಟರು. "ತಗೋ. ಈಗ ಹುಟ್ಟಿದಿ ನೋಡು."

ಟೂರ್ನಿಯಲ್ಲಿ ನಾನು ಆಡಿದ್ದು ಒಂದು ಪಂದ್ಯದ ಕೊನೆಯ ಹತ್ತೊಂಬತ್ತು ನಿಮಿಷ. ಗೋಲು ಹೊಡೆಯಲಿಲ್ಲ. ಪಂದ್ಯ ಸೋತೆವು. ಆದರೆ ಎದುರಿನ ಎತ್ತರದ ಹುಡುಗಿಯಿಂದ ಎರಡು ಸಲ ಚೆಂಡು ಕಸಿದೆ, ಗೆರೆಯ ಅಂಚಿನಲ್ಲೇ. ಆ ಮೈದಾನದ ಗೆರೆ ನಮ್ಮ ಟೀಚರ್ ಎಳೆದ ಗೆರೆಗಿಂತ ಸೀದಾ ಇರಲಿಲ್ಲ ಎಂದು ಫೋನಿನಲ್ಲಿ ಹೇಳಿದೆ. "ಸುಳ್ಳು ಹೇಳ್ಬ್ಯಾಡ," ಎಂದು ನಕ್ಕರು.

ನಾನು ಡಿಗ್ರಿ ಎರಡನೇ ವರ್ಷದಲ್ಲಿದ್ದಾಗ ಟೀಚರ್ ಕಾಯಿಲೆಯಿಂದ ತೀರಿಕೊಂಡರು. ಕೊನೆಯ ಸಲ ನೋಡಿದಾಗಲೂ ಹೊದಿಕೆಯ ಹೊರಗೆ ಆ ಕಪ್ಪು ಉಗುರು ಕಾಣುತ್ತಿತ್ತು. "ಆಟ ಬಿಟ್ರೂ ಓದು ಬಿಡಬ್ಯಾಡ," ಅಂದರು. ಬಿಡಲಿಲ್ಲ. ಬೆಳಿಗ್ಗೆ ಹುಡುಗಿಯರಿಗೆ ಆಟ ಕಲಿಸಿ, ಆಮೇಲೆ ಕಾಲೇಜಿಗೆ ಹೋದೆ. ಎರಡು ಪೇಪರ್ ಉಳಿದವು, ಮತ್ತೆ ಬರೆದೆ. ನಮ್ಮ ಮನೆತನದಲ್ಲಿ ಪದವಿ ಮುಗಿಸಿದವಳು ನಾನೇ ಮೊದಲು.

ಪದವಿ ಪತ್ರ ತರುವ ದಿನ ದೊಡ್ಡಪ್ಪ ಜೊತೆಗೆ ಬಂದರು. ಕಾಲೇಜಿನ ಗುಮಾಸ್ತರು ಕಿಟಕಿಯಿಂದ ಚಾಚಿದ್ದನ್ನು ಅವರೇ ಎರಡೂ ಕೈಯಿಂದ ಇಸಿದುಕೊಂಡರು. ನಾನು ಹೊರಟೆ. ಅವರು ಕಿಟಕಿ ಬಿಟ್ಟು ಕದಲಲಿಲ್ಲ. ಓದು ಬಾರದ ಬೆರಳನ್ನು ಹಾಳೆಯ ಮೇಲೆ ಇಟ್ಟುಕೊಂಡು ನಿಂತಿದ್ದರು.

"ನಿಲ್ಲವ್ವಾ," ಅಂದರು. "ಹೆಸರು, ತಾರೀಖು ಬರೋಬರಿ ಅದಾವೇನು ಇಲ್ಲೇ ನೋಡು. ತಪ್ಪಿದ್ರ ತಿದ್ದಸಾಕ ಈಗ ನಿಮ್ಮ ಟೀಚರ್ ಇಲ್ಲ."