ತನ್ನ ಬೆನ್ನಿನ ಮೇಲೇ ಹೊಟ್ಟೆಕಿಚ್ಚು

ಪಶ್ಚಿಮ ಜರ್ಮನಿಯ ಗಡಿಯಂಚಿನ ಹೋಫ್ ಊರಿನಲ್ಲಿ ಲಾರಿ ಓಡಿಸುತ್ತಿದ್ದ ಎಗೋನನ ಬಾಯಿಗೆ ಬ್ರೇಕೇ ಇರಲಿಲ್ಲ. ಸ್ಟಿಯರಿಂಗ್ ಹಿಡಿದನೆಂದರೆ ಸೈಕಲ್ಲಿನವರಿಂದ ಸರ್ಕಾರದವರೆಗೆ ಎಲ್ಲರಿಗೂ ಮಂಗಳಾರತಿ. ಅವನ ಬೈಗುಳ ತಂತಿಬೇಲಿ ದಾಟಿ ಪೂರ್ವ ಜರ್ಮನಿಯ ಹಸುಗಳ ಹಾಲು ಒಡೆಸುತ್ತಿತ್ತಂತೆ. ಹೆಂಡತಿ ರೋಸ್ವಿತಾ ಅವನ ಲಾರಿ ಹತ್ತುವುದನ್ನು ಬಿಟ್ಟು ವರ್ಷಗಳಾಗಿದ್ದವು.

ಎಪ್ಪತ್ತೈದರ ಬೇಸಿಗೆಯಲ್ಲಿ ಸಿನಿಮಾದವರು ಬಂದರು. ಕಥೆ ಬರೆದುಕೊಂಡು ಬಂದವರಲ್ಲ; ರಸ್ತೆ ಹೋದತ್ತ ಕ್ಯಾಮೆರಾ, ಕ್ಯಾಮೆರಾ ಹೋದತ್ತ ಕಥೆ. ಲಾರಿಯಲ್ಲಿ ಊರೂರು ಅಲೆಯುವ ಒಬ್ಬಂಟಿಗನ ಚಿತ್ರ. ನಾಯಕನಿಗೆ ಮಾತ್ರ ಲಾರಿ ಓಡಿಸಲು ಬಾರದು! ಹಾಗಾಗಿ ನಿಂತ ಲಾರಿಯಲ್ಲಿ ಅವನ ಮುಖ, ಓಡುವ ಲಾರಿಯಲ್ಲಿ ಅವನ ಅಂಗಿ ತೊಟ್ಟ ಎಗೋನನ ಬೆನ್ನು.

ಚಳಿಗಾಲಕ್ಕೆ ಚಿತ್ರ ಊರಿನ ಟಾಕೀಸಿಗೆ ಬಂತು. ನೋಡಲು ಕೂತವನ ಗಡ್ಡ ಬೆಳೆಯುವಷ್ಟು ಉದ್ದ. ಮಾತು ಮಾತ್ರ ಅಂಚೆಚೀಟಿಯ ಹಿಂದೆ ಹಿಡಿಸುವಷ್ಟು. ಊರೆಲ್ಲ ಗೊರಕೆ ಹೊಡೆಯಿತು. ರೋಸ್ವಿತಾ ಕಣ್ಣು ಮಿಟುಕಿಸಲಿಲ್ಲ. ತೆರೆಯ ಮೇಲೆ ಬೆನ್ನು ಕಂಡಾಗ ಅವಳು ಬಿಟ್ಟ ನಿಟ್ಟುಸಿರಿಗೆ ಮುಂದಿನ ಸಾಲಿನವನ ಟೋಪಿ ಹಾರಿತು.

"ಎಂಥಾ ಗಂಡಸು ನೋಡು!"

"ಅದು ನಾನೇ ಕಣೇ!"

"ಗೊತ್ತು, ಸುಮ್ನಿರು. ಮದ್ವೆಯಾದಾಗಿಂದ ಆ ಬೆನ್ನಿಗೆ ಅಂಗಿ ಇಸ್ತ್ರಿ ಮಾಡಿದೀನಿ."

"ಮತ್ತೆ?"

"ಮತ್ತೇನು? ಅವನು ಬಾಯಿ ಬಿಡಲ್ಲ."

ಎಗೋನನ ಹೊಟ್ಟೆಗೆ ಕಿಚ್ಚು ಬಿತ್ತು. ಬೇರೆ ಗಂಡಸಾಗಿದ್ದರೆ ಹಿಡಿದು ನಾಲ್ಕು ಬಾರಿಸಬಹುದಿತ್ತು; ಈ ಬೆನ್ನಿಗೆ ಬಾರಿಸಲು ಅವನ ಕೈಯೇ ಎಟುಕದು. ರೋಸ್ವಿತಾ ಮರುದಿನವೂ ತುಟಿಗೆ ಬಣ್ಣ ಹಚ್ಚಿಕೊಂಡು ಟಾಕೀಸಿಗೆ ಹೊರಟಳು. ಗಂಡನ ಜೊತೆ ಚರ್ಚಿಗೂ ಹಾಗೆ ಹೋದವಳಲ್ಲ.

ತಡೆಯಲಾರದೆ ಭಾನುವಾರ ಬೆಳಿಗ್ಗೆ ಎಗೋನ್ ಲಾರಿ ಬಾಗಿಲು ತೆರೆದ. "ಹತ್ತು. ಒಂದ್ಮಾತು ಆಡಲ್ಲ."

ಅವಳು ಹತ್ತಿದಳು. ಊರು ದಾಟಿತು, ಕಾಡು ದಾಟಿತು. ಫ್ರಾಂಕ್‌ಫರ್ಟಿನ ಕಾರೊಂದು ಅಡ್ಡ ನುಗ್ಗಿದಾಗ ಬೈಗುಳ ನುಂಗಿ ನುಂಗಿ ಎಗೋನನ ಕಾಲರಿನ ಗುಂಡಿ ಕಿತ್ತುಹೋಯಿತು, ಬಾಯಿ ಬಿಡಲಿಲ್ಲ. ರೋಸ್ವಿತಾ ಮೆಲ್ಲಗೆ ಅವನ ಬೆನ್ನು ಸವರಿದಳು. ಕಣ್ಣು ಮುಚ್ಚಿದ್ದಳು.

ಅದೇ ಎಡವಟ್ಟಾದದ್ದು.

"ಯಾರನ್ನೇ ಸವರ್ತಿದೀಯ?" ಎಂದು ಸಿಡಿದ. "ನನ್ನನ್ನೋ, ಅವನನ್ನೋ?"

"ನಿಲ್ಸು ಲಾರಿ," ಎಂದಳು.

ಇಳಿದು ಊರಿನ ಬಸ್ಸು ಹತ್ತಿದಳು. ಎಗೋನ್ ಬೆನ್ನಟ್ಟಿದ. ಟಾಕೀಸಿನಲ್ಲಿ ಮಧ್ಯಾಹ್ನದ ಆಟ ಶುರುವಾಗಿತ್ತು. ಅವನು ಅವಳ ಪಕ್ಕ ಕೂರಲಿಲ್ಲ. ಸರಿಯಾಗಿ ಅವಳ ಮುಂದಿನ ಸೀಟಿನಲ್ಲಿ, ತೆರೆ ಪೂರ್ತಿ ಮುಚ್ಚುವಂತೆ ನೆಟ್ಟಗೆ ಕೂತ.

"ಬಗ್ಗೋ ಮಾರಾಯ," ಪಿಸುಗುಟ್ಟಿದಳು ರೋಸ್ವಿತಾ, "ಏನೂ ಕಾಣ್ತಿಲ್ಲ."

ಎಗೋನ್ ಬಗ್ಗಲಿಲ್ಲ. ಬಾಯಿಯನ್ನೂ ಬಿಡಲಿಲ್ಲ.