ಮೆಣಸಿನ ಹೊಲಕ್ಕೆ ಬರೀ ನೀರು

ಇಲ್ಲ, ಗಿಡಗಳಿಗೆ ಆಗ ಹೂವು ಬಂದಿರಲಿಲ್ಲ. ಈ ಕಥೆ ಹೇಳುವಾಗ, ಬಂದಿತ್ತು ಎಂದು ನಾನೇ ಎರಡು ಸಲ ಹೇಳಿದ್ದೇನೆ. ಕೇಳುವವರ ಮುಖ ನೋಡಿ ಹೂವು ಸೇರಿಸಿದ್ದೆನೋ ಏನೋ. ಗಡಹಿಂಗ್ಲಜದ ಹತ್ತಿರದ ಆ ಮೆಣಸಿನ ಹೊಲದಲ್ಲಿ ಗಿಡಗಳು ಮೊಣಕಾಲೆತ್ತರ ಇದ್ದವು ಎನ್ನುವುದು ಖಾತ್ರಿ. ನನ್ನ ಮೊಣಕಾಲೋ, ನಾವು ಮಾವಶಿ ಎಂದು ಕರೆಯುತ್ತಿದ್ದ ಹೊಲದೊಡತಿಯ ಮೊಣಕಾಲೋ, ಅದನ್ನು ಹೇಳಲಾರೆ.

ನಾನು ಡ್ರೋನ್ ಹಾರಿಸುವ ಕೆಲಸಕ್ಕೆ ಸೇರಿ ಆಗ ಮೂರನೇ ವಾರ. ಅದಕ್ಕೂ ಮೊದಲು ಇಚಲಕರಂಜಿಯಲ್ಲಿ, ಮಗ್ಗದಿಂದ ಇಳಿದ ಬಟ್ಟೆಯನ್ನು ದೀಪದ ಮುಂದೆ ಎಳೆದು ತಪ್ಪಿದ ಎಳೆ ಹುಡುಕುತ್ತಿದ್ದೆ. ಕೊಲ್ಹಾಪುರದಲ್ಲಿ ತರಬೇತಿ ಮುಗಿಸಿ ಲೈಸೆನ್ಸ್ ತಂದಾಗ, ಕೆಲಸ ಕೊಟ್ಟ ಸಾಹೇಬರು ಒಂದೇ ಮಾತು ಹೇಳಿದ್ದರು: ಮೊದಲ ಮೂರು ತಿಂಗಳಲ್ಲಿ ಯಾರದಾದರೂ ಬೆಳೆ ಸುಟ್ಟರೆ, ರಿಮೋಟ್ ತಂದು ಮೇಜಿನ ಮೇಲಿಟ್ಟು ಮನೆಗೆ ಹೋಗಬೇಕು.

ಆ ದಿನ ಬೆಳಿಗ್ಗೆ ಇನ್ನೊಬ್ಬರ ಕಬ್ಬಿಗೆ ಕಳೆನಾಶಕ ಹೊಡೆದಿದ್ದೆವು. ಕಬ್ಬಿಗೆ ಅದು ಏನೂ ಮಾಡುವುದಿಲ್ಲ. ಮೆಣಸಿನ ಗಿಡಕ್ಕೆ ಒಂದಿಷ್ಟು ತಗುಲಿದರೂ ಎಲೆ ಮುದುಡಿಹೋಗುತ್ತದೆ. ಆದ್ದರಿಂದ ನಡುವೆ ಡ್ರೋನಿನ ಟ್ಯಾಂಕನ್ನು ಮೂರು ಸಲ ತೊಳೆಯಬೇಕು. ಮಧ್ಯಾಹ್ನದ ಮೇಲೆ ಮಾವಶಿಯ ಹೊಲಕ್ಕೆ, ಗಿಡ ಸೊಂಪಾಗಿ ಬೆಳೆಯಲು ಹೊಡೆಯುವ ಟಾನಿಕ್ ಹೊಡೆಯತೊಡಗಿದೆ. ಅರ್ಧ ಹೊಲ ಮುಗಿದು ಬ್ಯಾಟರಿ ಬದಲಿಸುವಾಗ, ನಮ್ಮ ಟೆಂಪೊ ಓಡಿಸುವ, ಔಷಧ ಕಲಸಿಕೊಡುವ ಕಾಕಾನನ್ನು ಸುಮ್ಮನೆ ಕೇಳಿದೆ:

"ಕಾಕಾ, ಟಾಕಿ ತೊಳದ್ರಿಲ್ಲ?"

"ನಾ ಎಲ್ಲಿ ತೊಳದ್ನಿ? ನೀ ತೊಳೀತಿ ಅಂತ ನಾ ಚಾ ಕುಡ್ಯಾಕ ಹೋದ್ನಿ."

"ನೀವ ತೊಳದೀರಿ ಅಂತ ನಾ ಬ್ಯಾಟರಿ ಚಾರ್ಜಿಗೆ ಹಚ್ಚಾಕ ಹೋದ್ನಿ!"

"ಆತ ತಗೋ. ಇಬ್ಬರೂ ಭಾಳ ಶಾಣ್ಯಾರ."

ಟ್ಯಾಂಕಿಗೆ ಮೂಗಿಟ್ಟೆ. ಟಾನಿಕ್ಕಿನ ನಾತದಲ್ಲಿ ಬೇರೇನೂ ತಿಳಿಯಲಿಲ್ಲ.

ಬದುವಿನ ಮೇಲೆ ಕುಳಿತಿದ್ದ ಮಾವಶಿಗೆ ಕೂಡಲೇ ಹೇಳಿದೆ ಎಂದು ಬರೆಯಲು ಕೈ ಮುಂದಾಗುತ್ತದೆ. ಹಾಗೆ ಆಗಲಿಲ್ಲ. "ಸುಮ್ನಿರು, ಹತ್ತ ದಿವಸಕ್ಕ ನೋಡೂನು" ಎಂದು ಕಾಕಾ ಪಿಸುಗುಟ್ಟಿದರು. ನಾನು ತಲೆಯಾಡಿಸಿದ್ದು ನೆನಪಿದೆ. ಆಮೇಲೆ ಹೇಳಿದೆ. ಧೈರ್ಯದಿಂದಲೋ, ಮಾವಶಿ ಎದ್ದು ನಮ್ಮ ಕಡೆಗೇ ಬರುತ್ತಿದ್ದುದರಿಂದಲೋ.

ಅವರು ಬೈಯಲಿಲ್ಲ. "ಎಲಿ ಒಣಗೂದರೊಳಗ ಮ್ಯಾಲ ಬರೇ ನೀರ ಹೊಡಿ" ಎಂದರು. ನಾನು ಕೊಡ ಹಿಡಿದು ಬಾವಿಗೆ ಓಡಿದೆ. ಅಲ್ಲಿ ಮಾವಶಿ ತಡೆದರು. ಅವರು ಜೈನರು; ಸೋಸದ ನೀರನ್ನು ಔಷಧ ಹೊಡೆಯುವ ಪಂಪಿಗೂ ಹಾಕುತ್ತಿರಲಿಲ್ಲ. ಬಿಳಿ ಬಟ್ಟೆಯನ್ನು ಎರಡು ಪದರ ಮಾಡಿ ಕೊಡದ ಬಾಯಿಗೆ ಕಟ್ಟಿದರು, ನಿಧಾನವಾಗಿ ಸೋಸಿದರು, ಬಟ್ಟೆ ತಿರುವಿ, ಅದರಲ್ಲಿ ಉಳಿದ ಕಣ್ಣಿಗೆ ಕಾಣದ ಜೀವಗಳನ್ನು ನೀರಿನ ಜೊತೆ ಮತ್ತೆ ಬಾವಿಗೇ ಇಳಿಸಿದರು. ಒಂದೊಂದು ಕೊಡಕ್ಕೂ ಹೀಗೆಯೇ.

"ಲಗೂ ಮಾಡ್ರಿ ಮಾವಶಿ, ಗಿಡಾ ಸಾಯ್ತಾವ್ರಿ!"

"ಗಿಡಾ ಸಾಯ್ತಾವಂತ ಹುಳಾ ಸಾಯಿಸಲೇನು? ಅವಸರ ಮಾಡೇ ಇಷ್ಟ ಆಗೇತಿ. ನೀ ನಿನ್ನ ಇಮಾನದ ಟಾಕಿ ತೊಳಿ. ನಾ ಎಣಸ್ತೇನಿ."

ಎಣಿಸಿದರು, ಮರಾಠಿಯಲ್ಲಿ. "ಏಕ್... ದೋನ್... ಒಳಗ ಕೈ ಹಾಕಿ ತಿಕ್ಕ. ತೀನ್."

ಆ ಸೋಸುವ ಬಟ್ಟೆ ನಮ್ಮ ಇಚಲಕರಂಜಿಯ ಮಗ್ಗದ್ದು ಎಂದು ಬರೆದರೆ ಚೆನ್ನಾಗಿ ಕೂರುತ್ತದೆ. ನಾನು ಬಟ್ಟೆ ನೋಡುವ ಸ್ಥಿತಿಯಲ್ಲಿರಲಿಲ್ಲ. ಡ್ರೋನ್ ಏರಿಸಿ, ಟಾನಿಕ್ ಹೊಡೆದ ಅರ್ಧ ಹೊಲಕ್ಕೆ ಮತ್ತೆ ಮತ್ತೆ ನೀರು ಹೊಡೆದೆ. ಉಳಿದರ್ಧ ಹಾಗೇ ಬಿಟ್ಟು ಬಂದೆವು.

ಆಮೇಲೆ ದಿನಾ ಫೋನ್ ಮಾಡಿದೆ. ಒಂದು ಫೋಟೊ ಕಳಿಸಿ ಎಂದು ಬೇಡಿಕೊಂಡರೆ ಮಾವಶಿ, "ಫೋಟೋದಾಗ ಎಲಿ ಮುಟ್ಟಿ ನೋಡಾಕ ಬರ್ತೈತೇನು? ಬಂದ ನೋಡ" ಎಂದು ಇಟ್ಟುಬಿಡುತ್ತಿದ್ದರು. ಹತ್ತನೆಯ ದಿನ ಬಸ್ಸು ಹತ್ತಿ ಹೋದೆ.

ಎಲೆಗಳು ಅಗಲವಾಗಿ, ಮೈ ಬಿಟ್ಟುಕೊಂಡು ನಿಂತಿದ್ದವು. ಸಾಲು ಸಾಲು ಬಗ್ಗಿ ಮುಟ್ಟಿದೆ. ಒಂದೂ ಮುದುಡಿರಲಿಲ್ಲ. ಬದುವಿನ ಮೇಲೆ ಕುಳಿತುಬಿಟ್ಟೆ. ಎಷ್ಟೋ ದಿನದ ಮೇಲೆ ಹೊಟ್ಟೆ ಹಸಿಯಿತು. ಮಾವಶಿ ಕೊಟ್ಟ ರೊಟ್ಟಿ ಒಂದಾದ ಮೇಲೊಂದು ತಿನ್ನುತ್ತಿದ್ದರೆ ಅವರು ಹೊಲದ ಕಡೆ ಕೈ ತೋರಿಸಿ, "ಉಳದರ್ಧಾ ಯಾವಾಗ ಹೊಡೀತಿ? ಅರ್ಧಾ ಮಕಾ ತೊಳಕೊಂಡಂಗ ಕಾಣ್ತೈತಿ ನನ್ನ ಹೊಲಾ" ಎಂದರು.

ಅಲ್ಲಿಂದಲೇ ಸಾಹೇಬರಿಗೆ ಫೋನ್ ಮಾಡಿ ನಡೆದದ್ದೆಲ್ಲ ಹೇಳಿದೆ. ಪೂರ್ತಿ ಕೇಳಿಸಿಕೊಂಡು ಅವರು ಕೇಳಿದರು:

"ಇನ್ಮ್ಯಾಲೆ ಟಾಕಿ ಯಾರ ತೊಳೀತಾರ?"

"ನಾನ್ರಿ."

"ಕಾಕಾ ತೊಳದ್ನಿ ಅಂದ್ರ?"

"ಅಂದ್ರೂ ನಾನ್ರಿ."

ಕೆಲಸ ಉಳಿಯಿತು. ಈಗಲೂ ಅದೇ ಕೆಲಸದಲ್ಲಿದ್ದೇನೆ.

ಕಾಕಾ ಒಮ್ಮೊಮ್ಮೆ, ಆ ದಿನ ಕಬ್ಬಿನ ಹೊಲದ ಪೈಪಿನಡಿ ತಾವೇ ಟ್ಯಾಂಕ್ ತೊಳೆದಂತೆ ನೆನಪು ಎನ್ನುತ್ತಾರೆ. ಮರುದಿನ ಇಲ್ಲ ಎನ್ನುತ್ತಾರೆ. ನನಗೂ ಒಂದು ಪೈಪು, ಒದ್ದೆಯಾದ ಬೂಟು ಕಣ್ಣಿಗೆ ಬರುತ್ತವೆ. ಅವು ಆ ದಿನದವೇ ಎಂದು ಆಣೆ ಮಾಡಲಾರೆ. ಟ್ಯಾಂಕ್ ಮೊದಲೇ ತೊಳೆದಾಗಿತ್ತೋ, ಸೋಸಿದ ನೀರು ಗಿಡಗಳನ್ನು ಉಳಿಸಿತೋ, ನನಗೆ ಗೊತ್ತಿಲ್ಲ.