ಡಾಕ್ಟರ ಬಂದೂಕು, ಲಿಂಗರಾಜರ ಗೇಜು

ಶನಿವಾರ, ಬೆಳಗಿನ ಜಾವ ಐದೂವರೆ. ನ್ಯೂಜಿಲೆಂಡಿನ ಅಪ್ಪರ್ ಹಟ್‌ನ ಬಂದೂಕು ದುರಸ್ತಿಯ ಶೆಡ್ಡಿನಲ್ಲಿ ಕೆಲಸಗಳು ಒಂದು ಕ್ರಮದಲ್ಲಿ ನಡೆಯುತ್ತವೆ. ಮೊದಲು ಹೀಟರ್ ಹಚ್ಚುವುದು. ಬೆರಳು ಮರಗಟ್ಟಿದ್ದರೆ ಉಕ್ಕಿನ ಸೂಕ್ಷ್ಮ ತಿಳಿಯುವುದಿಲ್ಲ. ಆಮೇಲೆ ಕಬ್ಬಿಣದ ಕಪಾಟಿನಿಂದ ಬಂದೂಕುಗಳನ್ನು ಒಂದೊಂದಾಗಿ ಇಳಿಸಿ, ಒಳಗೆ ಗುಂಡಿಲ್ಲವೆಂದು ಕಣ್ಣಿನಿಂದ ನೋಡಿ, ಬೆರಳಿನಿಂದ ಮುಟ್ಟಿ ಖಚಿತಪಡಿಸಿಕೊಳ್ಳುವುದು. ಕೊನೆಗೆ ಗೇಜು. ಗುರಿ ಅಭ್ಯಾಸದ ಬಯಲು ತೆರೆಯುವಷ್ಟರಲ್ಲಿ ಎಲ್ಲವೂ ಮುಗಿದಿರಬೇಕು.

ಈ ಕ್ರಮವನ್ನು ಒಂಟಿಯಾಗಿ ನಡೆಸುವವರು ಗದಗಿನ ಲಿಂಗರಾಜ. ಐಟಿಐ ಮುಗಿಸಿ ಹುಬ್ಬಳ್ಳಿಯಲ್ಲಿ ಲೇತ್ ಮೇಲೆ ದುಡಿದವರು, ನರ್ಸ್ ಆಗಿರುವ ಪತ್ನಿ ವಾಸಂತಿಯವರ ಬೆನ್ನಿಗೆ ನ್ಯೂಜಿಲೆಂಡಿಗೆ ಬಂದವರು. ಸೈನ್ಯಗಳು ಹೊರಹಾಕಿದ ಹಳೆಯ ಬಂದೂಕುಗಳನ್ನು ಕೊಂಡು ವಾರವಾರ ಗುರಿ ಹಿಡಿಯುವವರು ಇಲ್ಲಿ ಬಹಳ. ಗೆದ್ದವರ ಹೆಸರು ಹಲಗೆಯ ಮೇಲೆ ಬರುತ್ತದೆ. ಆ ಬಂದೂಕು ಗೆದ್ದವನ ಮುಖಕ್ಕೇ ಸಿಡಿಯದಂತೆ ನೋಡಿಕೊಂಡವರು ಎಲ್ಲರ ಬಾಯಲ್ಲೂ ಬರೀ ‘ರಾಜ್’.

"ಮನಿಯೊಳಗ ನಲ್ಲಿ ಸೋರ್ತೈತಿ, ಈ ಮನಷ್ಯಾ ಮಂದಿ ಬಂದೂಕ ತಿಕ್ಕಾಕ ಓಡ್ತಾನ," ಎಂದು ವಾಸಂತಿ ಚುಚ್ಚುತ್ತಾರೆ.

"ಆಕಿ ಮಂದೀಗೆ ನರ್ಸು, ನಾ ಬಂದೂಕಿಗೆ ನರ್ಸು," ಎಂದು ಲಿಂಗರಾಜ ನಗುತ್ತಾರೆ.

ಗೇಜೆಂದರೆ ತೋಟಾದ ಆಕಾರದ ಉಕ್ಕಿನ ತುಂಡು. ಅದನ್ನು ನಳಿಗೆಯ ಬುಡದಲ್ಲಿಟ್ಟು ಬೋಲ್ಟನ್ನು, ಅಂದರೆ ತೋಟಾದ ಹಿಂದೆ ಅಗುಳಿಯಂತೆ ಕೂರುವ ಭಾಗವನ್ನು, ಮೆಲ್ಲಗೆ ಒತ್ತಬೇಕು. ಬೋಲ್ಟು ಪೂರ್ತಿ ಮುಚ್ಚಿಕೊಳ್ಳದೆ ತಡೆದು ನಿಂತರೆ ಕ್ಷೇಮ. ಮುಚ್ಚಿಕೊಂಡುಬಿಟ್ಟರೆ ಒಳಗಿನ ಅಂತರ ಮಿತಿ ಮೀರಿದೆಯೆಂದೇ ಅರ್ಥ. ತೀರ್ಮಾನವನ್ನು ಲಿಂಗರಾಜ ಚೀಟಿಯಲ್ಲಿ ಬರೆದು ಕಳಿಸುವುದಿಲ್ಲ. ಬಂದೂಕಿನವರ ಮುಖ ನೋಡಿ ಬಾಯಲ್ಲೇ ಹೇಳುತ್ತಾರೆ. "ಬ್ಯಾನಿ ಐತಿ ಅಂತ ಹೇಳೂದನ್ನ ಚೀಟಿ ಕೈಯಾಗ ಕೊಡಬಾರದ್ರಿ," ಎನ್ನುವುದು ಅವರ ವಾದ.

ಇಂದು ಮೇಜಿನ ಮೇಲಿರುವ ಬಂದೂಕು ಧಾರವಾಡದ ಡಾಕ್ಟರ್ ಚಂದ್ರಮೌಳಿಯವರದು. ಪೆಟ್ಟಿಗೆ ತುಂಬ ಬಂದಿದ್ದ ಸೈನ್ಯದ ಮಾಲಿನಲ್ಲಿ ಇದನ್ನು ಆರಿಸಿಕೊಟ್ಟವರು ಲಿಂಗರಾಜರೇ. ಅದೇ ಪೆಟ್ಟಿಗೆಯಿಂದ ಇದರ ಜೋಡಿಯೊಂದನ್ನು ಡಾಕ್ಟರ ಗೆಳೆಯ ಉದಯಶಂಕರ್ ಕೊಂಡರು. ಅಂದಿನಿಂದ ಶನಿವಾರಗಳಂದು ಡಾಕ್ಟರು ಒಂದು ಸುತ್ತು ಹಾರಿಸಿದರೆ, ಅದೇ ಬಂದೂಕಿನಿಂದ ಲಿಂಗರಾಜ ಇನ್ನೊಂದು ಸುತ್ತು ಹಾರಿಸುತ್ತಿದ್ದರು. ಲೈಸೆನ್ಸ್ ಇದ್ದರೂ ಅವರು ಸ್ವಂತದ್ದೊಂದನ್ನು ಕೊಳ್ಳಲಿಲ್ಲ, ಬೇಕೆನಿಸಲೇ ಇಲ್ಲ.

ಹೋದ ಬೇಸಿಗೆಯಲ್ಲಿ ಡಾಕ್ಟರು ಕ್ಯಾನ್ಸರಿನಿಂದ ತೀರಿಕೊಂಡರು. ಆಸ್ಪತ್ರೆಯಲ್ಲಿ ಕೊನೆಗೆ ಆಡಿದ ಮಾತು ಲಿಂಗರಾಜರಿಗೆ ಬಾಯಿಪಾಠ: "ಅದನ್ನ ನೀನ ತೊಗೋ. ಗ್ವಾಡಿಗೆ ಜೋತ ಹಾಕಬ್ಯಾಡ. ಶನಿವಾರ ತಪ್ಪಸಬ್ಯಾಡ." ಅಂದಿನಿಂದ ಬಂದೂಕು ಶೆಡ್ಡಿನ ಕಪಾಟಿನಲ್ಲಿ ಬಟ್ಟೆ ಸುತ್ತಿಕೊಂಡು ಮಲಗಿತ್ತು. ಬಟ್ಟೆ ಬಿಚ್ಚಲು ಲಿಂಗರಾಜರಿಗೆ ಮನಸ್ಸಾಗಿರಲಿಲ್ಲ. ಈಗ ಡಾಕ್ಟರ ಪತ್ನಿ ರತ್ನಾ ಅದನ್ನು ವಿಧಿವತ್ತಾಗಿ ಒಪ್ಪಿಸಲು ಬಂದು, ಹೀಟರಿನ ಪಕ್ಕ ಕುಳಿತಿದ್ದಾರೆ. ಇಂದು ಬಂದೂಕು ಪಡೆಯುವವರೂ ಲಿಂಗರಾಜರೇ, ಪರೀಕ್ಷಿಸುವವರೂ ಅವರೇ.

ಬಟ್ಟೆ ಬಿಚ್ಚುತ್ತಾರೆ. ಬೋಲ್ಟಿನ ಹಿಡಿಕೆಯ ಸಂದಿಯಲ್ಲಿ ಒಣಗಿದ ಕುಂಕುಮ. ಗೇಜು ಇಡುತ್ತಾರೆ, ಎರಡು ಬೆರಳಿನಿಂದ ಹಿಡಿಕೆ ಒತ್ತುತ್ತಾರೆ. ಎಲ್ಲಿಯೂ ತಡೆಯದೆ ಬೋಲ್ಟು ಮುಚ್ಚಿಕೊಳ್ಳುತ್ತದೆ. ಗೇಜನ್ನು ಒರೆಸಿ ಮತ್ತೆ ಇಡುತ್ತಾರೆ, ಮತ್ತೆ ಹಾಗೆಯೇ. ಕನ್ನಡಕ ಏರಿಸಿ ನಳಿಗೆಯ ಮೇಲಿನ ಸಂಖ್ಯೆಯನ್ನೂ ಬೋಲ್ಟಿನ ಮೇಲಿನ ಸಂಖ್ಯೆಯನ್ನೂ ಓದುತ್ತಾರೆ. ಒಂದೇ ಆಗಿರಬೇಕಾದ ಅವೆರಡೂ ಬೇರೆ ಬೇರೆ.

"ವೈನಿ, ಇದನ್ನ ಕಡೀಕ ಯಾರು ಬಿಚ್ಚಿದ್ರು?"

"ಯಾರೂ ಇಲ್ಲಪ್ಪಾ. ದಸರಾದಾಗ ಖಂಡೇಪೂಜಾ ದಿವ್ಸ ತಗದದ್ದ ಕಡೀಕ. ನೀ ಡ್ಯೂಟಿ ಮ್ಯಾಲಿದ್ದಿ. ಉದಯಶಂಕರ್ ತಮ್ಮದೂ ತಂದಿದ್ರು. ಬೋಲ್ಟ್ ಎರಡೂ ತಗದು ಒಂದ ತಾಟಿನ್ಯಾಗ ಇಟ್ಟು, ವಿಭೂತಿ ಹಚ್ಚಿ, ಕುಂಕುಮ ಹಚ್ಚಿ ಪೂಜಾ ಮಾಡಿದ್ವಿ. ಆಮ್ಯಾಲ ಎರಡನ್ನೂ ಇವರ ತಿರಗಿ ಹಾಕಿದ್ರು. ಕೈ ನಡಗತಿತ್ತು, ನಾ ಹಾಕತೀನಿ ಅಂದ್ರ ಬಿಡಲಿಲ್ಲ."

ಲಿಂಗರಾಜ ಆಕ್ಲೆಂಡಿನ ಪಾಪಟೋಟೊಯಿಗೆ ಫೋನ್ ಹಚ್ಚುತ್ತಾರೆ. ಡಾಕ್ಟರು ಹೋದ ಮೇಲೆ ಉದಯಶಂಕರ್ ಅಲ್ಲಿಗೆ ಹೋಗಿ ನೆಲೆಸಿದ್ದಾರೆ.

"ಬಂದೂಕಾ? ಪೂಜೆ ಆದ್ಮೇಲೆ ನಾನು ಮುಟ್ಟೇ ಇಲ್ಲ ಮಾರಾಯ. ಅವರಿಲ್ದೆ ಯಾರ ಜೊತೆ ಹೋಗ್ಲಿ? ಪೊಲೀಸ್‌ಗೆ ಕೊಟ್ಟೆ. ಕತ್ತರಿಸಿ ಕರಗಿಸ್ತೀವಿ ಅಂದ್ರು. ಯಾಕಪ್ಪಾ?"

"ಏನಿಲ್ರೀ. ಸುಮ್ನ ನೆನಪಾತು."

ಲಿಂಗರಾಜ ಫೋನ್ ಇಟ್ಟು, "ಬೋಲ್ಟ ಅದಲಬದಲ ಆಗ್ಯಾವ್ರಿ ವೈನಿ, ಇದರದು ಅವರ ಬಂದೂಕಿನ ಜೋಡಿ ಕರಗಿ ಹೋತು," ಎನ್ನುತ್ತಾರೆ. ರತ್ನಾ ಬಂದೂಕನ್ನು ನೋಡುತ್ತಾರೆ, ಲಿಂಗರಾಜರನ್ನು ನೋಡುತ್ತಾರೆ.

"ನೋಡಾಂವನೂ ನೀನ, ಹಾರಸಾಂವನೂ ನೀನ. ಸ್ವಲ್ಪ ಹೆಚ್ಚುಕಡಿಮಿ ನಡಿಯೂದಿಲ್ಲೇನು?"

"ಮಂದಿ ಬಂದೂಕಿಗೆ ನಡಿಯಂಗಿಲ್ಲ ಅಂತೀನ್ರಿ ವೈನಿ."

"ಈ ಬೋಲ್ಟಿಗೆ ಹೊಂದೂ ಬ್ಯಾರೆ ನಳಿಗಿ ಹಾಕಿದ್ರ?"

"ಹಾಕಬಹುದ್ರಿ. ಆಮ್ಯಾಲ ಅದು ಡಾಕ್ಟ್ರ ಹೊಡದ ಬಂದೂಕ ಆಗಂಗಿಲ್ಲ."

ರತ್ನಾ ಸೆರಗಿನ ತುದಿಯಿಂದ ಹಿಡಿಕೆಯ ಕುಂಕುಮ ಒರೆಸಲು ಕೈ ಚಾಚಿ, ಒರೆಸದೆ ಹಿಂದೆಗೆಯುತ್ತಾರೆ. "ಅಂದ್ರ, ತಪ್ಪು ಮಾಡಿದ್ರಲ್ಲ ಇವರು?"

"ಪೂಜಾ ಮಾಡಿದ್ರು, ವೈನಿ."

ಹೊರಗೆ ಬಯಲಿನ ಗೇಟು ತೆರೆದ ಸದ್ದು. ಮೊದಲ ಕಾರುಗಳು ಬರುತ್ತಿವೆ. ಲಿಂಗರಾಜ ಗೇಜನ್ನು ಒರೆಸಿ ಡಬ್ಬಿಯಲ್ಲಿಡುತ್ತಾರೆ, ಎದ್ದು ನಿಲ್ಲುತ್ತಾರೆ, ಎಲ್ಲರಿಗೂ ಹೇಳುವಂತೆಯೇ ಮುಖ ನೋಡಿ ಹೇಳುತ್ತಾರೆ:

"ಚಂದ್ರಮೌಳಿ ಡಾಕ್ಟ್ರ ಬಂದೂಕು. ಬೋಲ್ಟು ಅದರದ್ದಲ್ಲ. ಗುಂಡು ಹಾರ್ಸಾಕ ಬರಂಗಿಲ್ಲ."